ಮಂಗಳೂರಿನ ಪೆಟ್ರೋಲೂ ಭಾವನ ಟರ್ಬೊ ಕಾರೂ

ನಮ್ಮ ಭಾವ ಹಳೇ ಕಾರಿನಲ್ಲಿ ಮಂಗಳೂರಿಗೆ ಹೋಗಿ ಬಂದಾಗಲೆಲ್ಲ ಒಂದೇ ಮಾತು ಹೇಳುತ್ತಿದ್ದರು. "ಪೆಟ್ರೋಲ್ ಅಂದ್ರೆ ಮಂಗಳೂರಿಂದು ಕಣಯ್ಯ. ರಿಫೈನರಿ ಪಕ್ಕದಲ್ಲೇ ಇದೆಯಲ್ಲ, ತಾಜಾ ಮಾಲು. ಗಾಡಿ ಹಾರುತ್ತೆ. ಅದೇ ಗಾಡಿ ಶಿರಾಡಿ ಹತ್ತಿ ಬೆಂಗಳೂರು ಸೇರೋ ಹೊತ್ತಿಗೆ ಎತ್ತಿನಗಾಡಿ ಆಗಿರುತ್ತೆ."

ಭಾವ ಗಮನಿಸಿದ್ದು ಸರಿ. ಕೊಟ್ಟ ಕಾರಣ ತಪ್ಪು. ವ್ಯತ್ಯಾಸ ಇದ್ದದ್ದು ಗಾಳಿಯಲ್ಲಿ.

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 920 ಮೀಟರ್ ಎತ್ತರದಲ್ಲಿದೆ. ಇಲ್ಲಿ ಗಾಳಿಯ ಒತ್ತಡ ಮಂಗಳೂರಿಗಿಂತ ಹತ್ತಿರಹತ್ತಿರ ಶೇ 10 ಕಡಿಮೆ. ನಮ್ಮ ಅಡುಗೆಮನೆಯಲ್ಲಿ ನೀರು 97 ಡಿಗ್ರಿಗೇ ಕುದಿಯುವುದೂ ಅದಕ್ಕೇ. ಮಂಗಳೂರಿನ ಸೆಕೆಗೆ ಅಲ್ಲಿಯ ಗಾಳಿಯೂ ಸ್ವಲ್ಪ ತೆಳುವಾಗುತ್ತದೆ, ನಿಜ. ಆದರೂ ಲೆಕ್ಕ ಹಾಕಿದರೆ ಗೆಲ್ಲುವುದು ಕಡಲತೀರವೇ.

ಎಂಜಿನ್ ಅಂದರೆ ಪೆಟ್ರೋಲ್ ಕುಡಿಯುವ ಪ್ರಾಣಿ ಅಂತ ನಾವೆಲ್ಲ ಅಂದುಕೊಂಡಿದ್ದೇವೆ. ತೂಕ ಹಾಕಿ ನೋಡಿ. ಒಂದು ಗ್ರಾಂ ಪೆಟ್ರೋಲ್ ಸರಿಯಾಗಿ ಉರಿಯಲು ಸುಮಾರು 14.7 ಗ್ರಾಂ ಗಾಳಿ ಬೇಕು. ಎಂಜಿನ್‌ಗೆ ಅನ್ನ ಗಾಳಿ, ಪೆಟ್ರೋಲ್ ಬರೀ ಉಪ್ಪಿನಕಾಯಿ. ಅನ್ನ ಕಮ್ಮಿ ಬಿದ್ದರೆ ಉಪ್ಪಿನಕಾಯಿಯನ್ನೂ ಕಮ್ಮಿ ಬಡಿಸಬೇಕು. ಕಾರಿನ ಕಂಪ್ಯೂಟರ್ ಹಾಗೇ ಮಾಡುತ್ತದೆ. ಸಾದಾ ಎಂಜಿನ್‌ನಲ್ಲಿ ಪಿಸ್ಟನ್ ಕೆಳಗಿಳಿದಾಗ ಹೊರಗಿನ ಗಾಳಿ ತಾನಾಗಿ ಒಳಗೆ ನುಗ್ಗಬೇಕು. ಊರಿನ ಗಾಳಿ ತೆಳುವಾದರೆ ಊಟವೂ ತೆಳು.

ಟರ್ಬೊ ಹುಟ್ಟಿದ್ದು ಈ ಊಟವನ್ನು ಹೆಚ್ಚಿಸಲು. ಸುಟ್ಟ ಪೆಟ್ರೋಲಿನ ಶಾಖದಲ್ಲಿ ಹೆಚ್ಚುಕಮ್ಮಿ ಮೂರನೇ ಒಂದು ಭಾಗ ಸೈಲೆನ್ಸರ್ ದಾರಿಯಲ್ಲಿ ಸುಮ್ನೆ ಹೊರಗೆ ಹೋಗುತ್ತದೆ. ಆ ಬಿಸಿ ಹೊಗೆಯ ದಾರಿಗೆ ಒಂದು ಪುಟ್ಟ ಚಕ್ರ ಅಡ್ಡ ಇಟ್ಟರೆ ಅದು ತಿರುಗುತ್ತದೆ. ಅದೇ ಅಚ್ಚಿನ ಇನ್ನೊಂದು ತುದಿಯಲ್ಲಿರುವ ಚಕ್ರ ಹೊರಗಿನ ಗಾಳಿಯನ್ನು ಒತ್ತಿ ಎಂಜಿನ್‌ಗೆ ತುಂಬುತ್ತದೆ. ನಿಮಿಷಕ್ಕೆ ಎರಡು ಲಕ್ಷ ಸುತ್ತು ತಿರುಗುವುದು ಇದಕ್ಕೆ ಮಾಮೂಲು. ಒತ್ತಿದ ಗಾಳಿ ಬಿಸಿಯಾಗಿ ಮತ್ತೆ ಹಿಗ್ಗುತ್ತದೆ. ಅದಕ್ಕೆ ನಡುವೆ ಇಂಟರ್‌ಕೂಲರ್ ಇಟ್ಟು ತಣಿಸುತ್ತಾರೆ.

ಸ್ವಿಟ್ಜರ್ಲೆಂಡಿನ ಎಂಜಿನಿಯರ್ ಆಲ್ಫ್ರೆಡ್ ಬ್ಯೂಚಿ ಇದಕ್ಕೆ ಪೇಟೆಂಟ್ ಪಡೆದದ್ದು 1905ರಲ್ಲಿ. ಅದೇ ವರ್ಷ ಆಗಸ್ಟ್ 5ರಂದು ಬೆಂಗಳೂರಿನಲ್ಲಿ, ಈಗಿನ ಕೆ.ಆರ್. ಮಾರ್ಕೆಟ್ ಬಳಿಯ ಬೀದಿಯಲ್ಲಿ ವಿದ್ಯುತ್ ದೀಪ ಹೊತ್ತಿತು. ಅಲ್ಲಿ ಶಿವನಸಮುದ್ರದಲ್ಲಿ ಬೀಳುವ ಕಾವೇರಿ ಚಕ್ರ ತಿರುಗಿಸಿತು, ಇಲ್ಲಿ ಬೀದಿ ಬೆಳಗಿತು. ಹೇಗೂ ಬೀಳುವ ನೀರಿಗೆ ಚಕ್ರ ಕೊಟ್ಟಂತೆ ಬ್ಯೂಚಿ ಹೇಗೂ ಹೋಗುವ ಹೊಗೆಗೆ ಚಕ್ರ ಕೊಟ್ಟ. ಎರಡಕ್ಕೂ ಸಂಬಂಧವೇನೂ ಇಲ್ಲ. ಆದರೂ ಕೆ.ಆರ್. ಮಾರ್ಕೆಟ್ ದಾಟುವಾಗೆಲ್ಲ ನನಗೆ ಈ ಕಾಕತಾಳೀಯ ನೆನಪಾಗುತ್ತದೆ.

ಭಾವನ ಸಮಸ್ಯೆಯನ್ನು ನೇರವಾಗಿ ಎದುರಿಸಿದವನು ಅಮೆರಿಕದ ಎಂಜಿನಿಯರ್ ಸ್ಯಾನ್‌ಫರ್ಡ್ ಮಾಸ್. ವಿಮಾನ ಮೇಲೇರಿದಂತೆ ಎಂಜಿನ್ ಸುಸ್ತಾಗುತ್ತಿತ್ತು. 1918ರಲ್ಲಿ ಅವನು ಲಿಬರ್ಟಿ ಎಂಬ ವಿಮಾನದ ಎಂಜಿನ್ನನ್ನು ಲಾರಿ ಮೇಲೆ ಹೇರಿಸಿ ಪೈಕ್ಸ್ ಪೀಕ್ ಬೆಟ್ಟದ ತುದಿಗೆ ಒಯ್ದ. 14,000 ಅಡಿಗೂ ಮೇಲೆ. ಕೆಳಗೆ 350 ಅಶ್ವಶಕ್ತಿ ಕೊಡುತ್ತಿದ್ದ ಎಂಜಿನ್ ಅಲ್ಲಿ 230ಕ್ಕೆ ಇಳಿದಿತ್ತು. ಟರ್ಬೊ ಜೋಡಿಸಿದ. 356 ಬಂತು! ಬೆಟ್ಟ ಕಸಿದುಕೊಂಡದ್ದನ್ನು ಟರ್ಬೊ ಬಡ್ಡಿ ಸಮೇತ ವಾಪಸ್ ಕೊಟ್ಟಿತ್ತು.

ಇವತ್ತಿನ ಕಾರಿನಲ್ಲೂ ನಡೆಯುವುದು ಇದೇ. ಒಳಗೆ ಎಷ್ಟು ಒತ್ತಡದ ಗಾಳಿ ಇದೆ ಅಂತ ಒಂದು ಸೆನ್ಸರ್ ಅಳೆಯುತ್ತಲೇ ಇರುತ್ತದೆ. ಹೊರಗೆ ಗಾಳಿ ತೆಳುವಾಗಿದ್ದರೆ ಟರ್ಬೊ ಇನ್ನಷ್ಟು ಜೋರಾಗಿ ತಿರುಗಿ ಲೆಕ್ಕ ಸರಿ ಮಾಡುತ್ತದೆ. ಬೆಂಗಳೂರಿನ ಎತ್ತರ ಅದಕ್ಕೆ ದೊಡ್ಡ ವಿಷಯವೇ ಅಲ್ಲ. ಹ್ಯುಂಡೈನ ಒಂದೇ ಕ್ರೆಟಾ ಕಾರಿನ ಎರಡು ಎಂಜಿನ್ ನೋಡಿ. ಎರಡೂ ನಾಲ್ಕು ಸಿಲಿಂಡರ್, ಎರಡೂ 1.5 ಲೀಟರ್. ಸಾದಾ ಎಂಜಿನ್‌ನದ್ದು 115 ಪಿಎಸ್ (ಅಂದರೆ ಹೆಚ್ಚುಕಮ್ಮಿ ಅಶ್ವಶಕ್ತಿ), 144 ನ್ಯೂಟನ್ ಮೀಟರ್ ಟಾರ್ಕ್, ಅಂದರೆ ತಿರುಗಿಸುವ ಬಲ. ಟರ್ಬೊ ಎಂಜಿನ್‌ನದ್ದು 160 ಪಿಎಸ್, 253 ನ್ಯೂಟನ್ ಮೀಟರ್. ಆ ಟಾರ್ಕ್ ಕೂಡ ಎಂಜಿನ್ ನಿಮಿಷಕ್ಕೆ ಬರೀ 1,500 ಸುತ್ತು ತಿರುಗುವಾಗಿನಿಂದಲೇ.

"ಟರ್ಬೊ ಅಂದರೆ ಪೆಟ್ರೋಲ್ ಜಾಸ್ತಿ ಕುಡಿಯುತ್ತೆ" ಅನ್ನುವವರು ಇದ್ದಾರೆ. "ಪುಕ್ಕಟೆ ಶಕ್ತಿ" ಅನ್ನುವವರೂ ಇದ್ದಾರೆ. ಎರಡೂ ಪೂರ್ತಿ ನಿಜ ಅಲ್ಲ. ಅಡ್ಡ ಇಟ್ಟ ಚಕ್ರವನ್ನು ತಿರುಗಿಸಲು ಪಿಸ್ಟನ್ ಹೊಗೆಯನ್ನು ಸ್ವಲ್ಪ ಕಷ್ಟಪಟ್ಟು ತಳ್ಳಬೇಕು, ಆದ್ದರಿಂದ ಪುಕ್ಕಟೆ ಅಲ್ಲ. ಇನ್ನು ಪೆಟ್ರೋಲ್ ಖರ್ಚು ನಿಮ್ಮ ಬಲಗಾಲಿಗೆ ಬಿಟ್ಟದ್ದು. ಮೆಲ್ಲಗೆ ಹೋದರೆ ಅದು ಬರೀ ಒಂದು ಸಣ್ಣ ಎಂಜಿನ್. ತುಳಿದರೆ ಹೆಚ್ಚು ಅನ್ನ, ಅದಕ್ಕೆ ತಕ್ಕಷ್ಟು ಉಪ್ಪಿನಕಾಯಿ.

ಈಗ ನನಗೆ ಬಹಳ ಇಷ್ಟದ ವಿಷಯಕ್ಕೆ ಬರುತ್ತೇನೆ. ಮನೆಯಲ್ಲಿ ಇದನ್ನು ಹೇಳಲು ಶುರು ಮಾಡಿದರೆ ಎಲ್ಲರೂ ಎದ್ದು ಹೋಗುತ್ತಾರೆ.

ಎಂಜಿನ್‌ನ ಹೊಗೆ ಒಂದೇ ಸಮ ಹರಿಯುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ನಾಲ್ಕು ಸಿಲಿಂಡರ್ ಎಂಜಿನ್‌ನಲ್ಲಿ ಸಾಮಾನ್ಯವಾಗಿ ಒಂದು, ಮೂರು, ನಾಲ್ಕು, ಎರಡು ಎಂಬ ಸರದಿ. ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್ ಎಂಬ ಅಚ್ಚು ಅರ್ಧ ಸುತ್ತು ತಿರುಗುವಷ್ಟರಲ್ಲಿ ಮುಂದಿನದರ ಪಾಳಿ ಬಂದಿರುತ್ತದೆ. ಆದರೆ ಹೊಗೆ ಬಿಡುವ ವಾಲ್ವ್ ಅರ್ಧ ಸುತ್ತಿಗಿಂತ ಜಾಸ್ತಿ ಹೊತ್ತು ತೆರೆದಿರುತ್ತದೆ. ಹಾಗಾಗಿ ಒಂದನೇ ಸಿಲಿಂಡರ್ ಕೊನೆಯ ಉಸಿರು ಬಿಡುತ್ತಿರುವಾಗಲೇ ಮೂರನೆಯದು ಧಡ್ ಅಂತ ಬಾಗಿಲು ತೆಗೆಯುತ್ತದೆ. ಅದರ ಒತ್ತಡದ ಅಲೆ ಬಂದು ಒಂದನೆಯದರ ಬಾಗಿಲಿಗೇ ಬಡಿಯುತ್ತದೆ. ಹೊರಗೆ ಹೋಗಬೇಕಾದ ಹೊಗೆ ಒಳಗೇ ಉಳಿಯುತ್ತದೆ.

ಬೆಂಗಳೂರಿನವರಿಗೆ ಇದು ಅರ್ಥವಾಗದೇ ಇರದು. ಜೋರು ಮಳೆ. ಮೇಲಿನ ಬೀದಿ, ಕೆಳಗಿನ ಬೀದಿ ಎರಡರ ನೀರೂ ಒಂದೇ ಮೋರಿಗೆ. ಮೇಲಿನ ಬೀದಿಯ ನೀರು ನುಗ್ಗಿದ ಕೂಡಲೇ ಕೆಳಗಿನ ಮನೆಯ ಬಚ್ಚಲಿನಲ್ಲಿ ನೀರು ಉಕ್ಕುತ್ತದೆ. ಅಥವಾ ಛತ್ರದ ಊಟ ನೆನೆಸಿಕೊಳ್ಳಿ. ಎರಡು ಹಾಲ್, ಹೊರಹೋಗಲು ಒಂದೇ ಬಾಗಿಲು. ನೀವು ಕೈ ತೊಳೆದು ಹೊರಡುವಾಗಲೇ ಪಕ್ಕದ ಹಾಲ್‌ನ ಪಂಕ್ತಿ ಎದ್ದರೆ, ಆ ನೂಕಾಟಕ್ಕೆ ನೀವು ಮತ್ತೆ ಎಂಜಲೆಲೆಯ ಮುಂದೆ ನಿಂತಿರುತ್ತೀರಿ.

ಪರಿಹಾರ, ಮೋರಿಯನ್ನು ಎರಡು ಮಾಡುವುದು. ಒಂದು ಮತ್ತು ನಾಲ್ಕನೇ ಸಿಲಿಂಡರ್‌ಗೆ ಒಂದು ದಾರಿ, ಎರಡು ಮತ್ತು ಮೂರಕ್ಕೆ ಇನ್ನೊಂದು. ಹೀಗೆ ಜೋಡಿ ಮಾಡಿದರೆ ಒಂದೇ ದಾರಿಯ ಎರಡು ಬಡಿತಗಳ ನಡುವೆ ಪೂರ್ತಿ ಒಂದು ಸುತ್ತಿನ ಬಿಡುವು ಸಿಗುತ್ತದೆ. ಇದರ ಹೆಸರು ಟ್ವಿನ್ ಸ್ಕ್ರಾಲ್. ಬಿಎಂಡಬ್ಲ್ಯು 2011ರಲ್ಲಿ ತಂದ ಎನ್20 ಎಂಬ 2 ಲೀಟರ್ ಎಂಜಿನ್‌ನಲ್ಲಿ ಇದಿತ್ತು. ಬಡಿತ ಕೆಡದೆ ಚಕ್ರಕ್ಕೆ ತಲುಪುವುದರಿಂದ ಟರ್ಬೊ ಬೇಗ ಏಳುತ್ತದೆ. ತುಳಿದ ಮೇಲೆ ಕಾಯಬೇಕಾದ ಆ ಲ್ಯಾಗ್ ಕಮ್ಮಿಯಾಗುತ್ತದೆ. ಮೂರು ಸಿಲಿಂಡರ್ ಎಂಜಿನ್‌ಗೆ ಈ ತಲೆನೋವೇ ಇಲ್ಲ. ಅಲ್ಲಿ ಎರಡು ಬಡಿತಗಳ ನಡುವೆ ಮೂರನೇ ಎರಡು ಸುತ್ತಿನ ಅಂತರ ಇರುತ್ತದೆ. ಬಡವರ ಮನೆಯ ಅನುಕೂಲ ಅಂದರೆ ಇದು!

ಉಳಿದ ಬಗೆಗಳನ್ನು ಬೇಗ ಹೇಳಿಬಿಡುತ್ತೇನೆ. ಕೆಲವು ಟರ್ಬೊಗಳಲ್ಲಿ ಚಕ್ರದ ಸುತ್ತ ಅಲುಗಾಡುವ ರೆಕ್ಕೆಗಳಿರುತ್ತವೆ. ಹೊಗೆ ಕಮ್ಮಿ ಇದ್ದಾಗ ಅವು ದಾರಿಯನ್ನು ಕಿರಿದು ಮಾಡುತ್ತವೆ. ಪೈಪಿನ ಬಾಯಿಗೆ ಹೆಬ್ಬೆರಳು ಒತ್ತಿ ಗಿಡಕ್ಕೆ ನೀರು ಹಾರಿಸುತ್ತೇವಲ್ಲ, ಹಾಗೆ.  ಒತ್ತಡ ಮಿತಿ ಮೀರದಂತೆ ವೇಸ್ಟ್‌ಗೇಟ್ ನೋಡಿಕೊಳ್ಳುತ್ತದೆ. ಕುಕ್ಕರ್‌ನ ವೆಯ್ಟ್ ಇದ್ದ ಹಾಗೆ, ಆದರೆ ಇದು ಸೀಟಿ ಹೊಡೆಯುವುದಿಲ್ಲ. ಹೆಚ್ಚಾದ ಹೊಗೆಯನ್ನು ಚಕ್ರದ ಪಕ್ಕದಿಂದ ಮೆಲ್ಲಗೆ ಸಾಗಹಾಕುತ್ತದೆ. ಇನ್ನು ನಮ್ಮ ದೇಶದಲ್ಲಿ ಚಿಕ್ಕ ಟರ್ಬೊಗಳು ಇಷ್ಟೊಂದು ಯಾಕೆ? ಪೆಟ್ರೋಲ್ ಕಾರು ನಾಲ್ಕು ಮೀಟರ್ ಉದ್ದ, 1,200 ಸಿಸಿ ಮೀರದಿದ್ದರೆ ತೆರಿಗೆ ಕಮ್ಮಿ. ಅದರಲ್ಲಿ ವಿಜ್ಞಾನ ಏನೂ ಇಲ್ಲ.

ಭಾವ ಹೋದ ವರ್ಷ 1.5 ಲೀಟರಿನ ಟರ್ಬೊ ಕಾರು ತಗೊಂಡರು. ಆಯುಧಪೂಜೆಗೆ ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟರು. ಅದಕ್ಕೆ ನನ್ನ ತಕರಾರಿಲ್ಲ, ನಿಂಬೆಹಣ್ಣಿನಿಂದ ಎಂಜಿನ್ ಹಾಳಾಗುವುದಿಲ್ಲ. ನನಗೆ ಸಿಟ್ಟು ಬರುವುದು ಬೇರೆ ಆಚಾರಕ್ಕೆ. ಟ್ರಾಫಿಕ್‌ನಲ್ಲಿ ತೆವಳಿಕೊಂಡು ಮನೆಗೆ ಬಂದ ಮೇಲೂ ಐದು ನಿಮಿಷ ಎಂಜಿನ್ ಓಡಿಸಿಕೊಂಡೇ ಕೂರುತ್ತಾರೆ. "ಟರ್ಬೊ ತಣ್ಣಗಾಗಬೇಕು ಕಣೋ." ಹಿಂದೆ ಇದರಲ್ಲಿ ಅರ್ಥ ಇತ್ತು. ಹಳೇ ಟರ್ಬೊಗಳಿಗೆ ಆಯಿಲ್ ಒಂದೇ ಆಸರೆ. ದಿಢೀರ್ ಆಫ್ ಮಾಡಿದರೆ ಆಯಿಲ್ ಒಳಗೇ ಸುಟ್ಟು ಕರಕಲಾಗುತ್ತಿತ್ತು. ಈಗಿನವಕ್ಕೆ ನೀರಿನ ತಂಪೂ ಇದೆ. ಎಷ್ಟೋ ಕಾರುಗಳಲ್ಲಿ ಎಂಜಿನ್ ನಿಂತ ಮೇಲೂ ಸಣ್ಣ ಪಂಪು ನೀರು ಓಡಿಸುತ್ತದೆ. ಹೆದ್ದಾರಿಯಲ್ಲಿ ಜೋರಾಗಿ ಓಡಿಸಿ ಬಂದರೆ ಕೊನೆಯ ಒಂದೆರಡು ನಿಮಿಷ ಮೆಲ್ಲಗೆ ಬನ್ನಿ, ಅಷ್ಟು ಸಾಕು. ನಮ್ಮ ಸಿಲ್ಕ್ ಬೋರ್ಡ್‌ನಲ್ಲಿ ಟರ್ಬೊ ಬಿಸಿಯಾಗಲು ಯಾರು ಬಿಡುತ್ತಾರೆ?

ನಿಜವಾಗಿ ಭಯಪಡಬೇಕಾದದ್ದನ್ನು ಅವರು ದಿನವೂ ಮಾಡುತ್ತಾರೆ. ಮೈಲೇಜ್ ಆಸೆಗೆ 30 ಕಿಲೋಮೀಟರ್ ವೇಗದಲ್ಲೇ ಐದನೇ ಗೇರ್ ಹಾಕಿ ಫ್ಲೈಓವರ್ ಏರಲು ಪೂರ್ತಿ ತುಳಿಯುವುದು. ನಿಧಾನಕ್ಕೆ ತಿರುಗುವ ಎಂಜಿನ್, ಒಳಗೆ ಒತ್ತಿ ತುಂಬಿದ ಗಾಳಿ. ಆಗ ಪೆಟ್ರೋಲ್ ಬೆರೆತ ಆಯಿಲ್ ಹನಿಯೊಂದು ಪ್ಲಗ್ಗಿನ ಕಿಡಿಗೂ ಮುಂಚೆ ಹೊತ್ತಿಕೊಳ್ಳಬಹುದು. ಮೇಲೇರುತ್ತಿರುವ ಪಿಸ್ಟನ್ ತಲೆಗೆ ಸುತ್ತಿಗೆ ಪೆಟ್ಟು ಬಿದ್ದಂತೆ. ಪಿಸ್ಟನ್ ಸೀಳಿಹೋದದ್ದೂ ಉಂಟು. ಡಬ್ಬದ ಮೇಲೆ ‘ಎಪಿಐ ಎಸ್‌ಪಿ’ ಎಂಬ ದರ್ಜೆ ಬರೆದಿರುವ ಎಂಜಿನ್ ಆಯಿಲ್‌ಗೆ, ಹೀಗೆ ಮುಂಚೆಯೇ ಹೊತ್ತಿಕೊಳ್ಳುವುದನ್ನು ತಡೆಯುತ್ತದೆಯೇ ಎಂಬ ಪರೀಕ್ಷೆಯನ್ನೂ ಇಟ್ಟಿರುವುದು ಇದಕ್ಕೇ. ಎರಡು ಗೇರ್ ಇಳಿಸಿ ಅಂದರೆ ಭಾವ ಕೇಳಬೇಕಲ್ಲ.

ಹೋದ ತಿಂಗಳು ಅದೇ ಕಾರಿನಲ್ಲಿ ಮಂಗಳೂರಿಗೆ ಹೋಗಿ ಬಂದರು. ಗಾಡಿ ಹೇಗಿತ್ತು ಅಂತ ಕೇಳಿದೆ. ಕಾಫಿ ಲೋಟ ಕೆಳಗಿಟ್ಟು ನಿಟ್ಟುಸಿರು ಬಿಟ್ಟರು.

"ಅಲ್ಲೂ ಪೆಟ್ರೋಲ್ ಕೆಟ್ಟೋಯ್ತು ಕಣಯ್ಯ. ಇಲ್ಲಿಗೂ ಅಲ್ಲಿಗೂ ಏನೂ ವ್ಯತ್ಯಾಸ ಕಾಣಲಿಲ್ಲ."