ಸೋತ ಚಿಪ್‌ನ ಕೈಪಿಡಿ ಬೀಳಿಸಿದ ಮೆಮೊರಿ ಪೇಟೆಂಟ್

1990ರ ಏಪ್ರಿಲ್‌ನಲ್ಲಿ ಮೈಕ್ ಫಾರ್ಮ್‌ವಾಲ್ಡ್ ಮತ್ತು ಮಾರ್ಕ್ ಹೊರೊವಿಟ್ಜ್ ಅಮೆರಿಕದಲ್ಲಿ ಒಂದು ಪೇಟೆಂಟ್ ಅರ್ಜಿ ಹಾಕಿದರು. ಪ್ರೊಸೆಸರ್ ಓಟಕ್ಕೆ ಮೆಮೊರಿಯೂ ಹೆಜ್ಜೆ ಹಾಕಬೇಕು, ಅದು ಗುರಿ. ಇವರು ಕಟ್ಟಿದ ಕಂಪನಿಯೇ ರಾಂಬಸ್. ಆ ಒಂದೇ ಅರ್ಜಿಯಿಂದ ಸಾಲುಸಾಲು ಪೇಟೆಂಟುಗಳು ಕವಲೊಡೆದವು. ಅವನ್ನು ಹಿಡಿದು ರಾಂಬಸ್ ಮೆಮೊರಿ ಚಿಪ್ ತಯಾರಿಸುವ ಇನ್‌ಫಿನಿಯಾನ್, ಹೈನಿಕ್ಸ್, ಮೈಕ್ರಾನ್ ಜೊತೆ ವರ್ಷಗಟ್ಟಲೆ ಕೋರ್ಟಿನಲ್ಲಿ ಗುದ್ದಾಡಿತು.

ಅದರಲ್ಲೊಂದು 2000ರಲ್ಲಿ ಸಿಕ್ಕ 6,034,918ನೇ ಪೇಟೆಂಟ್. ಅದರ 18ನೇ ಕ್ಲೈಮ್ (ಪೇಟೆಂಟಿನ ಹಕ್ಕು ಯಾವುದರ ಮೇಲೆ ಅಂತ ಹೇಳುವ ವಾಕ್ಯ) ಹೇಳುವುದಿಷ್ಟು: ಮೆಮೊರಿ ಸಾಧನ ಹೊರಗಿನ ಕ್ಲಾಕ್ ಸಿಗ್ನಲ್ (ಕೆಲಸಕ್ಕೆ ತಾಳ ಹಾಕುವ ಸಂಕೇತ) ತೆಗೆದುಕೊಳ್ಳುತ್ತದೆ, ಎಷ್ಟು ಡೇಟಾ ಬೇಕು ಅಂತ ಬಸ್ (ಡೇಟಾ ಓಡಾಡುವ ತಂತಿಗಳ ದಾರಿ) ನೋಡಿಕೊಳ್ಳುವ ಕಂಟ್ರೋಲರ್‌ನಿಂದ ತಿಳಿದುಕೊಳ್ಳುತ್ತದೆ, ಅಷ್ಟನ್ನೇ ಆ ಕ್ಲಾಕಿನ ತಾಳಕ್ಕೆ ಬಸ್ ಮೇಲೆ ಕಳಿಸುತ್ತದೆ.

ಪೇಟೆಂಟ್ ಕಚೇರಿ ಮರುಪರಿಶೀಲನೆಗೆ ಕೂತಾಗ ಎದುರಿಗೆ ಬಂದದ್ದು ಇಂಟೆಲ್‌ನ ಐಎಪಿಎಕ್ಸ್ 432 ಪ್ರೊಸೆಸರ್‌ನ ಕೈಪಿಡಿ. 1982ರದ್ದು. ಆ ಪ್ರೊಸೆಸರ್ ಎಷ್ಟು ನಿಧಾನವಾಗಿತ್ತೆಂದರೆ ಮಾರುಕಟ್ಟೆಯಲ್ಲಿ ಹೇಳಹೆಸರಿಲ್ಲದೆ ಹೋಯಿತು. ಆದರೆ ಪ್ರಯರ್ ಆರ್ಟ್‌ಗೆ, ಅಂದರೆ ಇದು ಹೊಸದಲ್ಲ ಅಂತ ತೋರಿಸುವ ಹಳೇ ದಾಖಲೆಗೆ, ವಸ್ತು ಗೆದ್ದಿತೋ ಸೋತಿತೋ ಮುಖ್ಯವಲ್ಲ, ಅರ್ಜಿಗಿಂತ ಮೊದಲೇ ಅಚ್ಚಾಗಿ ಜನರ ಕೈಗೆ ಸಿಕ್ಕಿದ್ದರೆ ಸಾಕು. ಒಂದು ಷರತ್ತು ಮಾತ್ರ ಗಟ್ಟಿ. ಕ್ಲೈಮ್‌ನ ಪ್ರತಿ ಅಂಶವೂ ಆ ಒಂದೇ ದಾಖಲೆಯಲ್ಲಿ ಇರಬೇಕು. ಒಂದು ಅಂಶ ಇಲ್ಲ, ಇನ್ನೊಂದು ಪುಸ್ತಕದಿಂದ ತರುತ್ತೇನೆ ಅಂದರೆ ಅದು ಬೇರೆಯೇ ವಾದ.

ಹಾಗಾಗಿ ಜಗಳವೆಲ್ಲ 'ಮೆಮೊರಿ ಸಾಧನ' ಅಂದರೇನು ಅನ್ನುವುದಕ್ಕೆ ಬಂದು ನಿಂತಿತು. ಇಂಟೆಲ್ ಕೈಪಿಡಿಯಲ್ಲಿ ಇದ್ದದ್ದು ಒಂಟಿ ಚಿಪ್ ಅಲ್ಲ, ಹಲವು ಮೆಮೊರಿ ಚಿಪ್ ಮತ್ತು ಅವನ್ನು ನೋಡಿಕೊಳ್ಳುವ ಕಂಟ್ರೋಲರ್ ಸೇರಿದ ಮಾಡ್ಯೂಲ್. ನಮ್ಮದು ಒಂದೇ ಚಿಪ್, ಇದು ಅದಲ್ಲ ಅಂತ ರಾಂಬಸ್ ವಾದಿಸಿತು. ಆದರೆ ಕ್ಲೈಮ್‌ನಲ್ಲಿ 'ಒಂದೇ ಚಿಪ್' ಅಂತ ಎಲ್ಲೂ ಬರೆದಿರಲಿಲ್ಲ! ಸುಮ್ನೆ ಮರೆತದ್ದಲ್ಲ ಅನ್ನಿಸುತ್ತದೆ, ಅಗಲವಾಗಿ ಬರೆದರೆ ಜಾಸ್ತಿ ಜನ ಬಲೆಗೆ ಬೀಳುತ್ತಾರಲ್ವಾ? 2003ರಲ್ಲಿ ಇನ್‌ಫಿನಿಯಾನ್ ಕೇಸಿನಲ್ಲಿ 'ಬಸ್' ಅನ್ನುವುದನ್ನು ಕೋರ್ಟು ಅಗಲವಾಗಿಯೇ ಓದಿದಾಗ ಲಾಭವಾಗಿದ್ದು ರಾಂಬಸ್‌ಗೇ. ಬೇಲಿ ದೂರಕ್ಕೆ ಹಾಕಿದಷ್ಟೂ ಪಕ್ಕದವರ ಹಳೇ ಮರ ಒಳಗೆ ಸಿಕ್ಕಿಬೀಳುತ್ತದೆ.

2012ರ ಆಗಸ್ಟ್‌ನಲ್ಲಿ ಪೇಟೆಂಟ್ ಮೇಲ್ಮನವಿ ಕೇಳುವ ಫೆಡರಲ್ ಸರ್ಕ್ಯೂಟ್ ಕೋರ್ಟು ಪೇಟೆಂಟ್ ಕಚೇರಿಯ ಮಂಡಳಿಯ ತೀರ್ಮಾನ ಎತ್ತಿಹಿಡಿಯಿತು: 18ನೇ ಕ್ಲೈಮ್‌ನಲ್ಲಿ ಇರುವುದೆಲ್ಲ ಆ ಕೈಪಿಡಿಯಲ್ಲಿ ಮೊದಲೇ ಇತ್ತು. ಅಷ್ಟರಲ್ಲಿ ಪೇಟೆಂಟಿನ ಅವಧಿಯೂ ಮುಗಿದಿತ್ತು, ಆದರೂ ಹಳೇ ಮಾರಾಟದ ಮೇಲಿನ ಪರಿಹಾರಕ್ಕೆ ಈ ತೀರ್ಪು ಬೇಕಿತ್ತು. ಹಾಗಂತ ರಾಂಬಸ್‌ನ ಎಲ್ಲ ಪೇಟೆಂಟೂ ಬಿದ್ದವು ಅಂದುಕೊಳ್ಳಬೇಡಿ. ಮರುವರ್ಷ ಇನ್ನೊಂದು ಪೇಟೆಂಟಿನ ವಿಷಯದಲ್ಲಿ ಇದೇ ಕೋರ್ಟು ಮಂಡಳಿಯ ತೀರ್ಮಾನದ ಒಂದು ಭಾಗವನ್ನು ರದ್ದು ಮಾಡಿ ವಾಪಸ್ ಕಳಿಸಿತು.