ಬಾರ್ತೆಲೆಮಿ ಟೊಗುವೊ: ತೆರೆಯದ ಸೂಟ್‌ಕೇಸು, ಮರದ ಮೊಹರು

ಪರೀಕ್ಷೆಯಲ್ಲಿ ಆಫ್ರಿಕಾದ ಇಂದಿನ ಕಲೆ ಬಗ್ಗೆ ಬರೆಯಿರಿ ಅಂದರೆ ನಾವೆಲ್ಲ ‘ಅಸ್ಮಿತೆಯ ಹುಡುಕಾಟ’, ‘ವಲಸೆಯ ನೋವು’ ಅಂತ ಬರೆದು ಮುಗಿಸುತ್ತೇವೆ. ಕ್ಯಾಮರೂನಿನ ಬಾರ್ತೆಲೆಮಿ ಟೊಗುವೊ ವಿಷಯದಲ್ಲಿ ಅಷ್ಟು ಸಾಲದು. ‘ನಾನು ಯಾರು’ ಅಂತ ಕೊರಗುತ್ತಾ ಕೂರುವ ಕಲಾವಿದ ಇವರಲ್ಲ. ‘ಇವನು ಯಾರು’ ಅಂತ ತೀರ್ಮಾನ ಮಾಡುವವರು ಇರುತ್ತಾರಲ್ಲ, ಕಸ್ಟಮ್ಸ್‌ನವರು, ವೀಸಾ ಕೌಂಟರಿನವರು, ರೈಲಿನ ಪಕ್ಕದ ಸೀಟಿನವರು, ಅವರ ಮೇಲೆ ಇವರ ಕಣ್ಣು. ಓದುವಾಗ ಇದೊಂದು ನೆನಪಿಟ್ಟುಕೊಳ್ಳಿ.

ಮೊದಲು ಬೇಗನೆ ಹಿನ್ನೆಲೆ. ಹುಟ್ಟಿದ್ದು 1967ರಲ್ಲಿ, ಕ್ಯಾಮರೂನಿನಲ್ಲಿ. ಕಲಿತದ್ದು ಐವರಿ ಕೋಸ್ಟಿನ ಅಬಿಜಾನ್, ಫ್ರಾನ್ಸಿನ ಗ್ರೆನೋಬಲ್, ಜರ್ಮನಿಯ ಡುಸೆಲ್ಡಾರ್ಫ್‌ಗಳಲ್ಲಿ. ಜಲವರ್ಣ, ಶಿಲ್ಪ, ಫೋಟೋ, ಪಿಂಗಾಣಿ, ಪರ್ಫಾರ್ಮೆನ್ಸ್ (ಕಲಾವಿದ ತಾನೇ ಜನರ ನಡುವೆ ಮಾಡಿ ತೋರಿಸುವ ಕಲೆ), ಎಲ್ಲಕ್ಕೂ ಕೈಹಾಕಿದವರು. ಇಂದಿನ ಕಲೆಗೆ ಫ್ರಾನ್ಸಿನಲ್ಲಿ ಕೊಡುವ ಮಾರ್ಸೆಲ್ ದುಷಾಂಪ್ ಪ್ರಶಸ್ತಿಯ 2016ರ ಅಂತಿಮ ಪಟ್ಟಿಯಲ್ಲಿದ್ದರು.

ಮುಖ್ಯವಾಗಿ ನೋಡಬೇಕಾದದ್ದು ‘ಟ್ರಾನ್ಸಿಟ್’ ಎಂಬ ಪರ್ಫಾರ್ಮೆನ್ಸ್ ಸರಣಿ. 1990ರ ದಶಕದ ಕೊನೆಯ ವರ್ಷಗಳದ್ದು. ಒಂದರಲ್ಲಿ ಟೊಗುವೊ ಸೂಟ್‌ಕೇಸು ಹಿಡಿದು ವಿಮಾನ ನಿಲ್ದಾಣದ ತಪಾಸಣೆಗೆ ಹೋಗುತ್ತಾರೆ. ಆದರೆ ಆ ಸೂಟ್‌ಕೇಸು ಇಡಿಯಾದ ಮರದ ದಿಮ್ಮಿಯನ್ನು ಕೆತ್ತಿ ಮಾಡಿದ್ದು. ‘ತೆಗಿ, ಒಳಗೇನಿದೆ ತೋರಿಸು’ ಅಂದರೆ ತೋರಿಸುವುದಕ್ಕೆ ಒಳಗು ಅನ್ನೋದೇ ಇಲ್ಲ! ಇನ್ನೊಂದರಲ್ಲಿ ಗುಂಡಿನ ಪಟ್ಟಿ ಕಟ್ಟಿಕೊಂಡಿದ್ದಾರೆ. ಅದರಲ್ಲಿ ತುಂಬಿರುವುದು ಗುಂಡಲ್ಲ, ಫ್ರೆಂಚ್ ಮಕ್ಕಳು ಚಪ್ಪರಿಸುವ ಕಾರಾಂಬಾರ್ ಮಿಠಾಯಿ. ಕಾನೂನಿನ ಪ್ರಕಾರ ಏನೂ ತಪ್ಪಿಲ್ಲ, ಅಲ್ವಾ? ಆದರೂ ಗಾಬರಿ ಹುಟ್ಟುತ್ತದೆ.

ನನಗೆ ಜಾಸ್ತಿ ಹಿಡಿಸಿದ್ದು 1999ರ ರೈಲಿನದ್ದು. ಜರ್ಮನಿಯ ಕಲೋನ್‌ನಿಂದ ಪ್ಯಾರಿಸ್‌ಗೆ ಹೋಗುತ್ತಿದ್ದ ಥಾಲಿಸ್ ಎಂಬ ವೇಗದ ರೈಲಿನ ಫಸ್ಟ್ ಕ್ಲಾಸ್. ಕೈಯಲ್ಲಿ ಸರಿಯಾದ ಟಿಕೆಟ್ ಇದೆ. ಮೈಮೇಲೆ ಮಾತ್ರ ಪ್ಯಾರಿಸ್ ನಗರದ ಪೌರಕಾರ್ಮಿಕರ ಸಮವಸ್ತ್ರ. ಭಾಷಣವಿಲ್ಲ, ಬೋರ್ಡಿಲ್ಲ, ಸುಮ್ನೆ ಕೂತಿದ್ದಾರೆ, ಅಷ್ಟೇ. ಆ ಬಟ್ಟೆ ಹಾಕಿದ ಕಪ್ಪು ಮನುಷ್ಯ ಈ ಬೋಗಿಯಲ್ಲಿ ಯಾಕೆ ಎಂಬ ಪ್ರಶ್ನೆ ತಾನಾಗಿಯೇ ಏಳುತ್ತದೆ. ನಿಜವಾಗಿ ನಟಿಸುತ್ತಿರುವವರು ಸುತ್ತಲಿನ ಪ್ರಯಾಣಿಕರೇ. ಟೊಗುವೊ ಅವರಿಗೊಂದು ವೇದಿಕೆ ಒದಗಿಸಿದ್ದಾರೆ.

ಇದೇ ಎಳೆ ಮೊಹರುಗಳಲ್ಲಿ ಮುಂದುವರಿಯುತ್ತದೆ. ‘ದಿ ನ್ಯೂ ವರ್ಲ್ಡ್ ಕ್ಲೈಮ್ಯಾಕ್ಸ್’ ಎಂಬ ಕೃತಿಯಲ್ಲಿ ಮೇಜಿನ ಮೇಲೆ ದಪ್ಪದಪ್ಪ ಮರದ ಮೊಹರುಗಳು, ಅವುಗಳಿಂದ ಒತ್ತಿದ ಅಚ್ಚುಗಳು ಗೋಡೆಯ ಮೇಲೆ. ಹತ್ತಿರ ಹೋಗಿ ನೋಡಿದರೆ ಮೊಹರಿಗೆ ಮನುಷ್ಯನ ತಲೆ, ಹೆಗಲಿನ ಆಕಾರ. ಪಾಸ್‌ಪೋರ್ಟಿನ ಮೇಲೆ ಟಪ್ ಅಂತ ಬೀಳುವ ಪುಟ್ಟ ಮೊಹರು ಇಲ್ಲಿ ಎರಡು ಕೈಯಲ್ಲಿ ಎತ್ತಬೇಕಾದಷ್ಟು ಭಾರ. ಅದನ್ನು ಒತ್ತಬೇಕೆಂದರೆ ಒಬ್ಬ ಮನುಷ್ಯನನ್ನೇ ತಲೆಕೆಳಗು ಮಾಡಬೇಕು. 2015ರ ವೆನಿಸ್ ಬಿನಾಲೆಯಲ್ಲಿ (ಎರಡು ವರ್ಷಕ್ಕೊಮ್ಮೆ ನಡೆಯುವ ಅಂತರರಾಷ್ಟ್ರೀಯ ಕಲಾಪ್ರದರ್ಶನ) ‘ಅರ್ಬನ್ ರಿಕ್ವಿಯಮ್’ ಹೆಸರಿನಲ್ಲಿ ಇಂಥವೇ ಮೊಹರುಗಳನ್ನು ಏಣಿಗಳ ಮೇಲೆ ಜೋಡಿಸಿದ್ದರು.

‘ರೋಡ್ ಟು ಎಕ್ಸೈಲ್’ (2008) ಎಲ್ಲರೂ ಉದಾಹರಿಸುವ ಕೃತಿ. ಬಣ್ಣಬಣ್ಣದ ಬಟ್ಟೆಗಂಟು ಹೇರಿದ ದೋಣಿ, ಕೆಳಗೆ ನೀರಿನ ಬದಲು ಗಾಜಿನ ಬಾಟಲಿಗಳು. ಚೆನ್ನಾಗಿದೆ, ಆದರೆ ವಲಸಿಗರ ಅಪಾಯದ ಪಯಣ ಎಂಬ ಅರ್ಥ ಒಂದೇ ನೋಟಕ್ಕೆ ಸಿಕ್ಕಿಬಿಡುತ್ತದೆ. ರೈಲಿನ ಪ್ರಸಂಗದಷ್ಟು ಇರಿಯುವುದಿಲ್ಲ. ಅಂಕಕ್ಕೆ ಬೇಕಾದರೆ ಬರೆಯಿರಿ.

ಬಿಡಬಾರದ ಇನ್ನೊಂದು ಸಂಗತಿ ಬಾಂಜುನ್ ಸ್ಟೇಷನ್. ಪಶ್ಚಿಮ ಕ್ಯಾಮರೂನಿನ ಎತ್ತರದ ಸೀಮೆಯ ಬಾಂಜುನ್ ಊರಿನಲ್ಲಿ ಟೊಗುವೊ ಸ್ವತಃ ಕಟ್ಟಿಸಿದ ಕಲಾಕೇಂದ್ರ ಇದು. ಆಫ್ರಿಕಾದ ಹಳೆಯ ಕಲಾಕೃತಿಗಳು ಯೂರೋಪಿನ ಮ್ಯೂಸಿಯಂ ಸೇರಿದ್ದಾಯಿತು, ಈಗಿನವಾದರೂ ಇಲ್ಲಿ ಉಳಿಯಲಿ ಎಂಬುದು ಅವರ ಹಟ. ಊರು ಬಿಡುವುದು ಮನುಷ್ಯರು ಮಾತ್ರವಲ್ಲ, ವಸ್ತುಗಳೂ ಹೌದು. ಆ ಲೆಕ್ಕದಲ್ಲಿ ಇದೂ ಅದೇ ಎಳೆಯ ಕೆಲಸ. ಕೇಂದ್ರಕ್ಕೆ ಸೇರಿದಂತೆ ಕಾಫಿ ತೋಟವೂ ಇದೆ. ಬೆಳೆಯುವವರು ಇಲ್ಲಿ, ಬೆಲೆ ಕಟ್ಟುವವರು ಇನ್ನೆಲ್ಲೋ. ಈ ತೋಟದ ಕಾಫಿಗೆ ಮಾತ್ರ ಬೆಲೆ ಬಾಂಜುನ್‌ನಲ್ಲೇ ನಿಗದಿಯಾಗಬೇಕು ಎಂಬುದು ಟೊಗುವೊ ವಾದ.