ಎರಡು, ಮೂರು, ಐದು, ಮತ್ತೆ ಮೂರು: ನಾಗರಭಾವಿ ಲಾ ಸ್ಕೂಲಿನ ಹಿಂದಿನ ಕಥೆ

2022ರಲ್ಲಿ ಬೆಂಗಳೂರಿನ ನ್ಯಾಷನಲ್ ಲಾ ಸ್ಕೂಲ್ ಮೂರು ವರ್ಷದ ಎಲ್‌ಎಲ್‌ಬಿ ಕೋರ್ಸ್ ಶುರು ಮಾಡಿತು. ಯಾವುದಾದರೂ ಡಿಗ್ರಿ ಮುಗಿಸಿದವರು ಸೇರಬಹುದಾದ ಕೋರ್ಸ್ ಅದು. ಮೇಲ್ನೋಟಕ್ಕೆ ಇದರಲ್ಲಿ ಹೊಸದೇನೂ ಇಲ್ಲ. ನಮ್ಮ ಎಷ್ಟೋ ಊರುಗಳ ಕಾಲೇಜುಗಳಲ್ಲಿ ಇದೇ ಡಿಗ್ರಿ ವರ್ಷಾನುಗಟ್ಟಲೆಯಿಂದ ಸಿಗುತ್ತಿದೆ. ಆದರೆ ನಾಗರಭಾವಿಯ ಈ ಸಂಸ್ಥೆ ಹುಟ್ಟಿದ್ದೇ 'ಮೂರು ವರ್ಷದ ಎಲ್‌ಎಲ್‌ಬಿ ಸಾಲದು' ಅನ್ನುವ ವಾದದಿಂದ. 34 ವರ್ಷ ಐದು ವರ್ಷದ ಕೋರ್ಸಿನಿಂದಲೇ ಹೆಸರು ಮಾಡಿದ ಜಾಗ, ತಾನು ಬಿಟ್ಟು ಬಂದ ದಾರಿಗೆ ಮತ್ತೆ ಯಾಕೆ ಬಂತು? ಇದು ಗೊತ್ತಾಗಬೇಕಾದರೆ ತುಸು ಹಿಂದಕ್ಕೆ ಹೋಗಬೇಕು.

ಹಳೆಯ ವಕೀಲರ ಮನೆ ಬಾಗಿಲಲ್ಲಿ 'ಬಿ.ಎ., ಬಿ.ಎಲ್.' ಅನ್ನುವ ಬೋರ್ಡ್ ನೋಡಿದವರಿಗೆ ಆಗಿನ ಕ್ರಮ ನೆನಪಿರುತ್ತದೆ. ಮೊದಲು ಒಂದು ಡಿಗ್ರಿ, ಅದರ ಬೆನ್ನಿಗೆ ಕಾನೂನು. ಕಾನೂನು ಓದು ಎರಡೇ ವರ್ಷ. ಅದಕ್ಕೂ ನಮ್ಮ ಕಡೆಯವರು ಊರು ಬಿಡಬೇಕಿತ್ತು. ನಿಜಲಿಂಗಪ್ಪ ಕಾನೂನು ಓದಿದ್ದು ಪುಣೆಯಲ್ಲಿ. ಕೆಂಗಲ್ ಹನುಮಂತಯ್ಯನವರೂ ಅಲ್ಲೇ. ರಾಮಕೃಷ್ಣ ಹೆಗಡೆ ಅಂತೂ ಲಖನೌವರೆಗೆ ಹೋದರು. ಬೆಳಗಾವಿಯಲ್ಲಿ ರಾಜಾ ಲಖಮಗೌಡ ಲಾ ಕಾಲೇಜು ಶುರುವಾಗಿದ್ದು 1939ರಲ್ಲಿ. ಬೆಂಗಳೂರಿಗೆ ಸರ್ಕಾರಿ ಲಾ ಕಾಲೇಜು ಬಂದಿದ್ದು 1948ರಲ್ಲಿ, ಅಂದರೆ ಸ್ವಾತಂತ್ರ್ಯ ಬಂದ ಮೇಲೆ.

1961ರಲ್ಲಿ ವಕೀಲರ ಕಾಯ್ದೆ ಬಂತು. ಯಾರಿಗೆ ಸನ್ನದು, ಅಂದರೆ ವಕೀಲಿಕೆ ಮಾಡುವ ಪರವಾನಗಿ, ಕೊಡಬೇಕು, ಅದಕ್ಕೆ ಎಂಥ ಓದು ಬೇಕು ಅನ್ನುವುದನ್ನು ನೋಡಿಕೊಳ್ಳಲು ಭಾರತೀಯ ವಕೀಲರ ಪರಿಷತ್ತು ಹುಟ್ಟಿಕೊಂಡಿತು. 1967ರ ಮಾರ್ಚ್ 12ರ ನಂತರ ಕಾನೂನು ಓದು ಮೂರು ವರ್ಷದ್ದು ಎಂದಾಯಿತು. ವರ್ಷ ಹೆಚ್ಚಿತು, ಕಲಿಕೆ ಹೆಚ್ಚಲಿಲ್ಲ. ಸಂಜೆ ಕಾಲೇಜುಗಳು ತುಂಬಿಕೊಂಡವು. ಹಗಲು ಆಫೀಸು, ಸಂಜೆ ಕ್ಲಾಸು. ಬೇರೆ ಎಲ್ಲೂ ಸೀಟು ಸಿಗದವರು 'ಇರಲಿ ಬಿಡು, ಒಂದು ಲಾ ಮಾಡಿಬಿಡು' ಅನ್ನುವ ಮಾತಿಗೆ ಸೇರುತ್ತಿದ್ದರು. ಹಾಜರಿ ಹೆಸರಿಗೆ ಮಾತ್ರ. ಪರೀಕ್ಷೆ ಹತ್ತಿರ ಬಂದಾಗ ಗೈಡ್ ಹಿಡಿದು ಕೂತರೆ ಪಾಸಾಗಬಹುದಿತ್ತು. ಇದೇ ವ್ಯವಸ್ಥೆಯಿಂದ ದೊಡ್ಡ ದೊಡ್ಡ ವಕೀಲರೂ ನ್ಯಾಯಮೂರ್ತಿಗಳೂ ಬಂದರು ಅನ್ನುವುದನ್ನೂ ಹೇಳಲೇಬೇಕು. ಆದರೆ ಅವರು ಕಾನೂನು ಕಲಿತದ್ದು ಹೆಚ್ಚಾಗಿ ಸೀನಿಯರ್ ಕಚೇರಿಯಲ್ಲಿ, ಕಾಲೇಜಿನಲ್ಲಲ್ಲ.

1982ರ ಹೊತ್ತಿಗೆ ವಕೀಲರ ಪರಿಷತ್ತು ಬೇರೆ ಲೆಕ್ಕ ಹಾಕಿತು. ಡಾಕ್ಟರ್ ಆಗುವವರು, ಎಂಜಿನಿಯರ್ ಆಗುವವರು ಪಿಯುಸಿ ಮುಗಿಸಿ ನೇರವಾಗಿ ಸೇರುತ್ತಾರೆ. ವಕೀಲರು ಮಾತ್ರ ಡಿಗ್ರಿ ಮುಗಿಸಿ, ಬೇರೆ ಕೆಲಸ ಸಿಗದೆ ಯಾಕೆ ಬರಬೇಕು? ಹದಿನೆಂಟರ ಹುಡುಗ ಹುಡುಗಿಯರನ್ನೇ ಹಿಡಿದು ಐದು ವರ್ಷ ಕೂರಿಸಿ ಕಲಿಸಿದರೆ ಹೇಗೆ? ಕಾನೂನಿನ ಜೊತೆ ಇತಿಹಾಸ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜ್ಯಶಾಸ್ತ್ರವನ್ನೂ ಸೇರಿಸಿ ಕೊಟ್ಟರೆ ಎರಡು ಡಿಗ್ರಿ ಒಂದೇ ಏಟಿಗೆ ಮುಗಿಯುತ್ತದೆ, ಒಂದು ವರ್ಷವೂ ಉಳಿಯುತ್ತದೆ. ಇದೇ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ. ಲೆಕ್ಕವೇನೋ ಚೆನ್ನಾಗಿತ್ತು. ಆದರೆ ಹಳೆಯ ಕಾಲೇಜಿನಲ್ಲಿ, ಹಳೆಯ ಮೇಷ್ಟ್ರುಗಳಿಂದ, ಹಳೆಯ ನೋಟ್ಸಿನಲ್ಲೇ ಇದನ್ನು ನಡೆಸಿದರೆ ಏನು ಬಂತು? ಹಾಗಾಗಿ ಒಂದು ಮಾದರಿ ಶಾಲೆ ಕಟ್ಟಿ ತೋರಿಸಬೇಕು ಎಂದು ಪರಿಷತ್ತು ತೀರ್ಮಾನಿಸಿತು.

ಆ ಶಾಲೆಗೆ ಜಾಗ ಸಿಕ್ಕಿದ್ದು ಬೆಂಗಳೂರಿನಲ್ಲಿ. 1986ರಲ್ಲಿ ಕರ್ನಾಟಕದ ವಿಧಾನಮಂಡಲ 'ನ್ಯಾಷನಲ್ ಲಾ ಸ್ಕೂಲ್ ಆಫ್ ಇಂಡಿಯಾ ಕಾಯ್ದೆ' ಮಾಡಿತು. ಆಗ ಮುಖ್ಯಮಂತ್ರಿ, ಕಾನೂನು ಓದಲು ಲಖನೌಗೆ ಹೋಗಿದ್ದ ಅದೇ ಹೆಗಡೆಯವರು. ಈ ಕಾಯ್ದೆಯ ಒಂದು ಸಂಗತಿಯನ್ನು ನೆನಪಿನಲ್ಲಿಡಿ, ಮುಂದೆ ಜಗಳಕ್ಕೆ ಬರುತ್ತದೆ. ಹೆಸರಿನಲ್ಲಿ 'ನ್ಯಾಷನಲ್' ಇದೆ, 'ಇಂಡಿಯಾ' ಇದೆ. ಕಾಯ್ದೆ ಮಾತ್ರ ರಾಜ್ಯದ್ದು.

ಶಾಲೆ ಕಟ್ಟುವ ಕೆಲಸ ಕೇರಳ ಮೂಲದ ಮೇಷ್ಟ್ರು ಎನ್‌.ಆರ್‌. ಮಾಧವ ಮೆನನ್ ಅವರ ಪಾಲಿಗೆ ಬಂತು. ದೆಹಲಿ ವಿಶ್ವವಿದ್ಯಾಲಯದಲ್ಲಿ ಪಾಠ ಮಾಡಿದ್ದವರು. 1988ರ ಜುಲೈ 1ರಂದು ಮೊದಲ ತರಗತಿ ಶುರುವಾಯಿತು. ಸ್ವಂತ ಕಟ್ಟಡ ಇರಲಿಲ್ಲ. ಸೆಂಟ್ರಲ್ ಕಾಲೇಜಿನ ಆವರಣದಲ್ಲೇ ಸಂಸಾರ. ನಂತರ ಜ್ಞಾನಭಾರತಿ ಪಕ್ಕದ ನಾಗರಭಾವಿಗೆ ಹೋದರು. ಆಗ ಅದು ಊರಾಚೆ. ಈಗಿನ ಟ್ರಾಫಿಕ್ ನೋಡಿದವರಿಗೆ ನಂಬುವುದು ಕಷ್ಟ.

ಮೆನನ್ ಮಾಡಿದ ಬದಲಾವಣೆಗಳು ಇವತ್ತು ಮಾಮೂಲಿ ಅನ್ನಿಸುತ್ತವೆ. ಆಗ ಹಾಗಿರಲಿಲ್ಲ. ವರ್ಷಕ್ಕೊಂದು ಪರೀಕ್ಷೆಯ ಬದಲು ವರ್ಷವನ್ನು ಮೂರು ಭಾಗ ಮಾಡಿದರು, ಅದೇ ಟ್ರೈಮಿಸ್ಟರ್. ಪ್ರತಿ ವಿಷಯಕ್ಕೂ ವಿದ್ಯಾರ್ಥಿ ತಾನೇ ಹುಡುಕಿ, ಬರೆದು, ಎಲ್ಲರ ಮುಂದೆ ನಿಂತು ಸಮರ್ಥಿಸಿಕೊಳ್ಳಬೇಕಾದ ಪ್ರಾಜೆಕ್ಟ್. ಮೇಷ್ಟ್ರು ನೋಟ್ಸ್ ಬರೆಸುವ ಬದಲು ತೀರ್ಪನ್ನೇ ಓದಿಕೊಂಡು ಬರಲು ಹೇಳಿ, ಕ್ಲಾಸಿನಲ್ಲಿ ಪ್ರಶ್ನೆ ಕೇಳುವುದು. ಮೂಟ್ ಕೋರ್ಟ್, ಅಂದರೆ ಅಣಕು ನ್ಯಾಯಾಲಯ. ಉಚಿತ ಕಾನೂನು ನೆರವಿನ ಕೆಲಸ. ರಜೆಯಲ್ಲಿ ವಕೀಲರ ಹತ್ತಿರ, ಸಂಸ್ಥೆಗಳ ಹತ್ತಿರ ಇಂಟರ್ನ್‌ಶಿಪ್. ಎಲ್ಲರೂ ಹಾಸ್ಟೆಲ್‌ನಲ್ಲೇ ಇರಬೇಕು. ಕಾನೂನು ಓದು ಇಡೀ ದಿನದ ಕೆಲಸ ಆಗಿದ್ದು ಹೀಗೆ. 'ಪೂರ್ವದ ಹಾರ್ವರ್ಡ್' ಅನ್ನುವ ಬಿರುದೂ ಅಂಟಿಕೊಂಡಿತು. ನಮ್ಮದನ್ನು ಹೊಗಳಬೇಕಾದರೂ ಅಮೆರಿಕದ ಹೆಸರು ಬೇಕು ನೋಡಿ.

ಮೊದಲ ಬ್ಯಾಚ್ ಹೊರಬಂದಿದ್ದು 1993ರಲ್ಲಿ. ಇಲ್ಲಿ ಕಾಲ ಒಂದು ಆಟ ಆಡಿತು. ಒಳ್ಳೆಯ ವಕೀಲರು ಬೇಕು, ಕೋರ್ಟುಗಳಿಗೆ ಹೊಸ ರಕ್ತ ಬರಬೇಕು ಅನ್ನುವುದು ಶಾಲೆ ಕಟ್ಟಿದವರ ಆಸೆ. ಅಷ್ಟರಲ್ಲಿ 1991ರ ಆರ್ಥಿಕ ಉದಾರೀಕರಣ ಬಂದಿತ್ತು. ಹೊರದೇಶದ ಕಂಪನಿಗಳು ಬರತೊಡಗಿದ್ದವು. ಅವಕ್ಕೆ ಕರಾರು ಬರೆಯುವವರು, ಒಪ್ಪಂದ ಓದುವವರು ಬೇಕಿತ್ತು. ಚೆನ್ನಾಗಿ ಇಂಗ್ಲಿಷ್ ಬರೆಯುವ, ಹೊಸ ಕಾನೂನು ಬೇಗ ಹಿಡಿಯುವ ಈ ಹುಡುಗರನ್ನು ಮುಂಬೈ, ದೆಹಲಿಯ ಲಾ ಫರ್ಮ್‌ಗಳು ಎತ್ತಿಕೊಂಡವು. ತಾಲೂಕು ಕೋರ್ಟಿನ ಬಾಗಿಲಿಗೆ ಬಂದವರು ಕಡಿಮೆ. ಇದಕ್ಕೆ ಹುಡುಗರನ್ನೇ ಬೈದು ಪ್ರಯೋಜನವಿಲ್ಲ. ದುಬಾರಿ ಫೀಸು ಕಟ್ಟಿ ಐದು ವರ್ಷ ಓದಿದವರಿಗೆ, ಸೀನಿಯರ್ ಕೈಕೆಳಗೆ ಕೈಖರ್ಚಿಗೂ ಸಾಲದ ದುಡ್ಡಿಗೆ ದುಡಿ ಅಂದರೆ ಯಾರು ಬರುತ್ತಾರೆ?

ಮಾದರಿಯಂತೂ ಗೆದ್ದಿತು. ಭೋಪಾಲ್, ಹೈದರಾಬಾದ್, ಕೋಲ್ಕತ್ತ, ಜೋಧ್‌ಪುರ ಹೀಗೆ ಒಂದೊಂದೇ ರಾಜ್ಯ ತನ್ನದೇ ಕಾಯ್ದೆ ಮಾಡಿ ತನ್ನದೇ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯ ಕಟ್ಟಿತು. ಕೋಲ್ಕತ್ತದ್ದನ್ನು ಕಟ್ಟಿಕೊಟ್ಟವರೂ ಮೆನನ್ ಅವರೇ. ಈಗ ದೇಶದಲ್ಲಿ ಇಂಥವು ಇಪ್ಪತ್ತೈದಕ್ಕಿಂತ ಜಾಸ್ತಿ ಇವೆ. ಒಂದೊಂದಕ್ಕೂ ಬೇರೆ ಬೇರೆ ಪ್ರವೇಶ ಪರೀಕ್ಷೆ ಬರೆದು ಮಕ್ಕಳು ಸುಸ್ತಾದರು. ವಿಷಯ ಸುಪ್ರೀಂ ಕೋರ್ಟಿಗೆ ಹೋಯಿತು. ಕೊನೆಗೆ 2008ರಲ್ಲಿ ಏಳು ವಿಶ್ವವಿದ್ಯಾಲಯಗಳು ಸೇರಿ ಒಂದೇ ಪರೀಕ್ಷೆ ಮಾಡಿದವು. ಅದೇ ಕ್ಲಾಟ್. ಮೊದಲ ಕ್ಲಾಟ್ ನಡೆಸಿದ್ದು ನಾಗರಭಾವಿಯವರೇ.

ಹನ್ನೆರಡು ವರ್ಷದ ನಂತರ ಅದೇ ನಾಗರಭಾವಿ ಕ್ಲಾಟ್ ಬಿಟ್ಟು ಹೊರನಡೆಯಲು ನೋಡಿತು. ಕೋವಿಡ್‌ನಿಂದಾಗಿ 2020ರ ಕ್ಲಾಟ್ ಮುಂದಕ್ಕೆ ಹೋಗುತ್ತಲೇ ಇತ್ತು. ಮೂರು ಟ್ರೈಮಿಸ್ಟರ್ ನಡೆಸುವ ಶಾಲೆಗೆ ಒಂದು ಕೈತಪ್ಪಿದರೆ ವರ್ಷವೇ ಹೋದ ಹಾಗೆ. ಸೆಪ್ಟೆಂಬರ್ 3ರಂದು ಅದು ತನ್ನದೇ ಪರೀಕ್ಷೆ ಘೋಷಿಸಿತು. ಮನೆಯಲ್ಲೇ ಕೂತು ಬರೆಯುವ 40 ಪ್ರಶ್ನೆ, 45 ನಿಮಿಷದ ಪರೀಕ್ಷೆ. ಒಂಬತ್ತೇ ದಿನದಲ್ಲಿ, 12ನೇ ತಾರೀಖು ಅದು ನಡೆದೂ ಹೋಯಿತು. ತಾಂತ್ರಿಕ ತೊಂದರೆಯಾದವರಿಗೆ 14ಕ್ಕೆ ಮತ್ತೊಮ್ಮೆ. ಪ್ರಶ್ನೆಗಳು ಆಗಲೇ ಹೊರಗೆ ಹರಿದಾಡಿದವು ಎಂಬ ದೂರು ಬಂತು. ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಒಬ್ಬರು ಅದೇ ಶಾಲೆಯ ಹಿಂದಿನ ಕುಲಪತಿ! 21ರಂದು ಕೋರ್ಟ್ ಆ ಪರೀಕ್ಷೆಯನ್ನೇ ರದ್ದು ಮಾಡಿತು. 28ರಂದು ಎಲ್ಲರೂ ಕ್ಲಾಟ್ ಬರೆದರು.

ಮಾರನೇ ದಿನ, 29ರಂದು, ಕರ್ನಾಟಕ ಹೈಕೋರ್ಟಿನಿಂದ ಇನ್ನೊಂದು ತೀರ್ಪು ಬಂತು. ನಮ್ಮವರಿಗೆ ಜಾಸ್ತಿ ಸಂಬಂಧಪಟ್ಟಿದ್ದು ಇದು.

ಕಾಯ್ದೆ ನಮ್ಮದು, ಜಾಗ ನಮ್ಮದು, ಸರ್ಕಾರದ ಅನುದಾನ ನಮ್ಮದು. ಆದರೆ ಸೀಟು ಯಾರಿಗೆ? ಬೇರೆ ಎಷ್ಟೋ ರಾಜ್ಯಗಳು ತಮ್ಮ ಕಾನೂನು ವಿಶ್ವವಿದ್ಯಾಲಯಗಳಲ್ಲಿ ತಮ್ಮ ಮಕ್ಕಳಿಗೆ ಪಾಲು ಇಟ್ಟಿವೆ. ನಾಗರಭಾವಿಯಲ್ಲಿ ಹಾಗಿರಲಿಲ್ಲ. 2020ರಲ್ಲಿ ರಾಜ್ಯ ಸರ್ಕಾರ 1986ರ ಕಾಯ್ದೆಗೆ ತಿದ್ದುಪಡಿ ತಂದು, ಶೇ 25ರಷ್ಟು ಸೀಟುಗಳನ್ನು ಕರ್ನಾಟಕದ ವಿದ್ಯಾರ್ಥಿಗಳಿಗೆ ಮೀಸಲಿಟ್ಟಿತು. ರಾಜ್ಯದಲ್ಲಿ ಕನಿಷ್ಠ ಹತ್ತು ವರ್ಷ ಓದಿದವರು 'ಕರ್ನಾಟಕದ ವಿದ್ಯಾರ್ಥಿ'. ಅದೇ ವರ್ಷ ಶಾಲೆ ಐದು ವರ್ಷದ ಕೋರ್ಸಿನ ಸೀಟುಗಳನ್ನು 80ರಿಂದ 120ಕ್ಕೆ ಏರಿಸಿತ್ತು. ಅಂದರೆ ಪಾಲಿಗೆ ಬರುವುದು 30 ಸೀಟು.

ಇದನ್ನು ಪ್ರಶ್ನಿಸಿ ಹೈಕೋರ್ಟಿಗೆ ಹೋದವರಲ್ಲಿ ವಕೀಲರ ಪರಿಷತ್ತೂ ಇತ್ತು. ತಾನು ಹುಟ್ಟಿಸಿದ ಕೂಸು, ಬಿಟ್ಟುಕೊಡುವುದು ಹೇಗೆ? ಬಿ.ವಿ. ನಾಗರತ್ನ ಮತ್ತು ರವಿ ಹೊಸಮನಿ ಅವರ ಪೀಠ ತಿದ್ದುಪಡಿಯನ್ನು ರದ್ದು ಮಾಡಿತು. ಇದು ಸ್ವಾಯತ್ತ ಸಂಸ್ಥೆ, ರಾಷ್ಟ್ರೀಯ ಸ್ವರೂಪದ್ದು, ಇಂಥ ತೀರ್ಮಾನ ಅದರ ಆಡಳಿತ ನೋಡುವ ಎಕ್ಸಿಕ್ಯುಟಿವ್ ಕೌನ್ಸಿಲ್‌ಗೆ ಬಿಟ್ಟಿದ್ದು ಅನ್ನುವುದು ತೀರ್ಪಿನ ಮುಖ್ಯ ಎಳೆ. ಸರ್ಕಾರ ಸುಪ್ರೀಂ ಕೋರ್ಟಿಗೆ ಹೋಯಿತು. ಆದರೆ ನಿಜವಾದ ತಿರುವು ಬಂದಿದ್ದು ಕೋರ್ಟಿನ ಹೊರಗೆ. 2021ರಿಂದ ಶಾಲೆಯೇ ತನ್ನ ವಿಸ್ತರಣಾ ಯೋಜನೆಯಲ್ಲಿ ಕರ್ನಾಟಕದ ವಿದ್ಯಾರ್ಥಿಗಳಿಗೆ ಶೇ 25 ಇಟ್ಟುಕೊಂಡಿತು. ಹತ್ತು ವರ್ಷದ ಲೆಕ್ಕವೂ ಅದೇ. ಮೇಲಿನವರು ಹೇಳಿದರೆ ಬೇಡ, ನಾವೇ ಕೊಟ್ಟರೆ ಸರಿ. ಅಧಿಕಾರ ಯಾರದ್ದು ಅನ್ನುವ ಪ್ರಶ್ನೆ ಕಾನೂನು ಕಲಿತವರಿಗೆ ದೊಡ್ಡದೇ. ಸೀಟು ಸಿಕ್ಕ ಮಗುವಿಗೆ ಅದು ಯಾರ ಸಹಿಯಿಂದ ಬಂದರೇನು, ಅಲ್ವಾ?

ಆದರೆ ಹತ್ತು ವರ್ಷ ಕರ್ನಾಟಕದಲ್ಲಿ ಓದುವುದು ಬೇರೆ, ಕನ್ನಡದಲ್ಲಿ ಓದುವುದು ಬೇರೆ. ಕ್ಲಾಟ್ ನಡೆಯುವುದು ಇಂಗ್ಲಿಷಿನಲ್ಲಿ ಮಾತ್ರ. ಉದ್ದುದ್ದ ಇಂಗ್ಲಿಷ್ ಪ್ಯಾರಾ ಓದಿ ಉತ್ತರಿಸಬೇಕು. ಅರ್ಜಿ ಶುಲ್ಕವೇ ಸಾಮಾನ್ಯ ವರ್ಗಕ್ಕೆ 4,000 ರೂಪಾಯಿ. ಬೇರೆ ಭಾರತೀಯ ಭಾಷೆಗಳಲ್ಲೂ ಪರೀಕ್ಷೆ ಬೇಕು ಎಂದು ದೆಹಲಿ ಹೈಕೋರ್ಟಿನಲ್ಲಿ 2023ರಲ್ಲಿ ಅರ್ಜಿಯೂ ಬಂದಿತ್ತು. ಬೆಂಗಳೂರಿನ ದೊಡ್ಡ ಶಾಲೆಯೊಂದರಲ್ಲಿ ಓದಿ, ಎರಡು ವರ್ಷ ಕೋಚಿಂಗ್ ಮುಗಿಸಿದವರಿಗೆ ಆ ಶೇ 25 ತೆರೆದಷ್ಟು ಸಲೀಸಾಗಿ ಸಿರುಗುಪ್ಪದ ಸರ್ಕಾರಿ ಪಿಯು ಕಾಲೇಜಿನ ಹುಡುಗಿಗೆ ತೆರೆಯುವುದಿಲ್ಲ.

ಆ ಹುಡುಗಿ ಲಾ ಓದಬೇಕಾದರೆ ಇರುವ ದಾರಿ ಹುಬ್ಬಳ್ಳಿಯ ನವನಗರದಿಂದ ಹೊರಡುತ್ತದೆ. ಮೊದಲು ನಮ್ಮ ಲಾ ಕಾಲೇಜುಗಳು ಆಯಾ ಭಾಗದ ವಿಶ್ವವಿದ್ಯಾಲಯಗಳ ಕೆಳಗಿದ್ದವು: ಮೈಸೂರು, ಬೆಂಗಳೂರು, ಧಾರವಾಡ, ಹೀಗೆ. 2009ರಲ್ಲಿ ನವನಗರದಲ್ಲಿ ಕರ್ನಾಟಕ ರಾಜ್ಯ ಕಾನೂನು ವಿಶ್ವವಿದ್ಯಾಲಯ ಬಂದ ಮೇಲೆ ರಾಜ್ಯದ ಹೆಚ್ಚಿನ ಲಾ ಕಾಲೇಜುಗಳು ಅದರ ಕೆಳಗೆ ಬಂದವು. ಮೂರು ವರ್ಷದ್ದೂ ಇದೆ, ಐದು ವರ್ಷದ್ದೂ ಇದೆ. ಐದು ವರ್ಷದ್ದರಲ್ಲೇ ಬಿ.ಎ. ಜೊತೆ, ಬಿಬಿಎ ಜೊತೆ, ಬಿ.ಕಾಂ. ಜೊತೆ ಎಂದು ಬಗೆಗಳು. ವಕೀಲರ ಪರಿಷತ್ತಿನ 2008ರ ನಿಯಮದಂತೆ ಸೇರಲು ಸಾಮಾನ್ಯ ವರ್ಗಕ್ಕೆ ಶೇ 45 ಅಂಕ ಸಾಕು. ಅದೇ ನಿಯಮ ತರಗತಿಗಳನ್ನು ಬೆಳಿಗ್ಗೆ 8ರಿಂದ ಸಂಜೆ 7ರೊಳಗೆ ಮುಗಿಸಬೇಕು ಎಂದು ಹೇಳಿ ಹಳೆಯ ಸಂಜೆ ಕಾಲೇಜಿನ ಕಾಲಕ್ಕೆ ತೆರೆ ಎಳೆಯಿತು. ಈ ವಿಶ್ವವಿದ್ಯಾಲಯದ ಪ್ರಶ್ನೆಪತ್ರಿಕೆ ನೋಡಿದವರಿಗೆ ಗೊತ್ತು: ಮೇಲ್ಗಡೆಯ ಸೂಚನೆಯಲ್ಲೇ, ಉತ್ತರವನ್ನು ಪೂರ್ತಿ ಇಂಗ್ಲಿಷಿನಲ್ಲಾಗಲಿ ಪೂರ್ತಿ ಕನ್ನಡದಲ್ಲಾಗಲಿ ಬರೆಯಿರಿ ಎಂದಿರುತ್ತದೆ. ಜಿಲ್ಲಾ ಕೋರ್ಟಿನಲ್ಲಿ ಸಾಕ್ಷಿಯನ್ನು ಪಾಟೀಸವಾಲಿಗೆ ಒಳಪಡಿಸುವುದು ಕನ್ನಡದಲ್ಲೇ ತಾನೆ.

ಇನ್ನು ಮೊದಲಿನ ಪ್ರಶ್ನೆಗೆ ಬರೋಣ. ನಾಗರಭಾವಿ ಮೂರು ವರ್ಷಕ್ಕೆ ಯಾಕೆ ಮರಳಿತು? ಅಲ್ಲಿ ಈಗ ಐದು ವರ್ಷದ ಬಿ.ಎ. ಎಲ್‌ಎಲ್‌ಬಿ ಮಾತ್ರ ಇಲ್ಲ. ಒಂದು ವರ್ಷದ ಎಲ್‌ಎಲ್‌ಎಂ, ಅಂದರೆ ಕಾನೂನಿನ ಸ್ನಾತಕೋತ್ತರ ಡಿಗ್ರಿ, ಇದೆ. 2014ರಿಂದ ಎರಡು ವರ್ಷದ ಸಾರ್ವಜನಿಕ ನೀತಿಯ ಎಂ.ಎ. ಮಟ್ಟದ ಕೋರ್ಸ್ ಇದೆ. ಪಿಎಚ್‌.ಡಿ. ಇದೆ, ದೂರ ಶಿಕ್ಷಣದ ಡಿಪ್ಲೊಮಾಗಳಿವೆ. ಹದಿನೆಂಟಕ್ಕೇ ಲಾ ಎಂದು ತೀರ್ಮಾನಿಸುವವರ ಮನೆಯಲ್ಲಿ ಸಾಮಾನ್ಯವಾಗಿ ಮೊದಲೇ ಯಾರಾದರೂ ದಾರಿ ತೋರಿಸುವವರು ಇರುತ್ತಾರೆ. ಎಂಜಿನಿಯರ್ ಆಗಿ ನಾಲ್ಕು ವರ್ಷ ದುಡಿದವರು, ಆರೋಗ್ಯ ಕಾರ್ಯಕರ್ತರು, ಪತ್ರಕರ್ತರು ಇಪ್ಪತ್ತೈದರಲ್ಲಿ ಮನಸ್ಸು ಬದಲಿಸಿದರೆ ಅವರಿಗೆ ನಾಗರಭಾವಿಯಲ್ಲಿ ಬಾಗಿಲೇ ಇರಲಿಲ್ಲ. ನನಗೆ ಕಾಣುವಂತೆ, ಮೂರು ವರ್ಷದ ಕೋರ್ಸಿನ ಗುಣವೇ ಕೆಟ್ಟದ್ದಾಗಿರಲಿಲ್ಲ. ಕೆಟ್ಟದ್ದಾಗಿದ್ದು ಅದನ್ನು ನಡೆಸಿದ ರೀತಿ. 2022ರ ಕೋರ್ಸಿಗೆ ಬೇರೆಯೇ ಪ್ರವೇಶ ಪರೀಕ್ಷೆ ಇಟ್ಟರು, ಅದರಲ್ಲಿ ಬರೆದು ಉತ್ತರಿಸುವ ಭಾಗವೂ ಉಂಟು.

2024ರ ಏಪ್ರಿಲ್‌ನಲ್ಲಿ ಒಬ್ಬರು ಸುಪ್ರೀಂ ಕೋರ್ಟಿಗೆ ಬೇರೆ ಬೇಡಿಕೆ ಇಟ್ಟುಕೊಂಡು ಹೋದರು. ಪಿಯುಸಿ ಆದ ಕೂಡಲೇ ಮೂರೇ ವರ್ಷದಲ್ಲಿ ಎಲ್‌ಎಲ್‌ಬಿ ಮುಗಿಯುವಂತೆ ಮಾಡಿ, ಐದು ವರ್ಷ ಯಾಕೆ ಎಂದು. ಕೋರ್ಟ್ ಅದನ್ನು ಕೈಗೆತ್ತಿಕೊಳ್ಳಲಿಲ್ಲ.

ಅಂತೂ ವರ್ಷಗಳ ಜಗಳ ನಡೆದೇ ಇದೆ. ಅಷ್ಟರಲ್ಲಿ ವಕೀಲರ ಪರಿಷತ್ತು ಇನ್ನೊಂದು ಬಾಗಿಲನ್ನೂ ಕಟ್ಟಿದೆ. 2010ರಿಂದೀಚೆಗೆ ಲಾ ಮುಗಿಸಿ ಸನ್ನದು ಪಡೆದವರು ವಕೀಲಿಕೆ ಮುಂದುವರಿಸಬೇಕಾದರೆ ಅಖಿಲ ಭಾರತ ಬಾರ್ ಪರೀಕ್ಷೆ ಪಾಸಾಗಬೇಕು. ನಾಗರಭಾವಿಯವರೂ ಸಿರುಗುಪ್ಪದವರೂ ಕೂರುವುದು ಅದೇ ಪರೀಕ್ಷೆಗೆ. ಬೇರ್ ಆಕ್ಟ್, ಅಂದರೆ ಟಿಪ್ಪಣಿ ಇಲ್ಲದ ಕಾಯ್ದೆಯ ಪುಸ್ತಕ, ಒಳಗೆ ಒಯ್ಯಬಹುದು. ಬೇಕಿದ್ದರೆ ಕನ್ನಡದಲ್ಲೂ ಬರೆಯಬಹುದು.